ಖಾಲಿ ಗಾಡಿಗೆ ಗಟ್ಟಿ ಸ್ಪ್ರಿಂಗ್

೧೨ ಜನವರಿ

ತಮ್ಮಾ,

ಫೋನ್ ಮಾಡಿದ್ರೆ ನೀನು ಅರ್ಧ ಮಾತಿಗೇ ಇಟ್ಟುಬಿಡ್ತೀಯ. ನೀನು ಇಡದಿದ್ರೆ ನಿಮ್ಮ ಕಲ್ಲುಗಣಿಯ ಸಿಗ್ನಲ್ ಇಡುತ್ತೆ. ಅದಕ್ಕೇ ಕಾಗದ. ಇದನ್ನ ಸಿಟ್ಟಲ್ಲಿ ಮಡಿಚಿಟ್ಟರೂ ಉಳಿದರ್ಧ ಒಳಗೇ ಕೂತಿರುತ್ತೆ, ಯಾವತ್ತಾದ್ರೂ ಓದಲೇಬೇಕು.

ವಿಷಯ ಅಪ್ಪನ ಪಿಕಪ್‌ದು. ಅದಕ್ಕೀಗ ಮುಪ್ಪು ಹಿಡಿದಿದೆ. ಗುಂಡಿಗೆ ಇಳಿದು ಎದ್ದ ಮೇಲೂ ಕುಣೀತಾನೇ ಇರುತ್ತೆ. ಬ್ರೇಕ್ ತುಳಿದ್ರೆ ಮೂಗು ನೆಲಕ್ಕೆ ಇಡುತ್ತೆ. ಹಿಂದಿನ ಬಲಗಡೆ ಷಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಒಸರಿ, ಮೇಲೆ ಧೂಳು ಮೆತ್ತಿ, ಕೊಳೆತ ಬಾಳೆಹಣ್ಣಿನ ಥರ ಕಾಣುತ್ತೆ. ಟೈರು ಅಲ್ಲಲ್ಲಿ ಬಟ್ಟಲಂತೆ ಸವೆದಿದೆ. ಹೊಸ ಷಾಕ್ ಹಾಕಿಸಲೇಬೇಕು. ಅಂಗಡಿಗೆ ಹೋದ್ರೆ ಪ್ರತಿ ಡಬ್ಬದ ಮೇಲೂ ಬೆಟ್ಟ ಹಾರುವ ಗಾಡಿಯ ಚಿತ್ರ. ಅಂಗಡಿಯವನು ‘ಯಾವುದು ಬೇಕು ಮೇಡಂ, ಕೆಂಪಾ, ನೀಲೀನಾ?’ ಅಂತ ಕೇಳ್ದ, ಬಳೆ ಮಾರೋ ಹಾಗೆ.

ನನಗೆ ಬೇಕಿರೋದು ಇಷ್ಟೇ. ಕೆಲಸದ ಕಿಟಕಿ ಗಾಜು ಹೇರಿದಾಗ ಹಿಂದೆ ಕುಸೀಬಾರದು. ಖಾಲಿ ಇದ್ದಾಗ ಮೆತ್ತಗೆ ಹೋಗಬೇಕು. ಈ ಎರಡನೆಯದೇ ಮುಖ್ಯ. ಯಾವ ಷಾಕ್, ಯಾವ ಸ್ಪ್ರಿಂಗ್ ಅಂತ ಬರಿ. ಆ ಗಾಡಿಯ ಹೊಟ್ಟೆಯ ಕೆಳಗೆ ಅಪ್ಪನ ಜೊತೆ ಮಲಗಿ ಬೆಳೆದವನು ನೀನು.

ನಿನ್ನ ಭಾವ ಚೆನ್ನಾಗಿದ್ದಾರೆ. ಅವರಿಗೆ ಪುರುಸೊತ್ತಿಲ್ಲ, ಅದಕ್ಕೆ ನಾನು ಬರೀತಿದ್ದೀನಿ.

ನಿನ್ನ ಅಕ್ಕ


೨೭ ಜನವರಿ

ಅಕ್ಕಾ,

ಭಾವನಿಗೆ ಪುರುಸೊತ್ತಿಲ್ಲವಾ? ಅಂಗಳದಲ್ಲಿ ನಾಲ್ಕು ಜನರ ಮುಂದೆ ಅಪ್ಪ ಕೀಲಿ ಕೊಟ್ಟಾಗ ಕೈಚಾಚೋಕೆ ಪುರುಸೊತ್ತಿತ್ತು. ‘ಅಳಿಯ ಗಾಡೀನ ಗಾಡಿ ಥರ ಓಡಿಸ್ತಾನೆ, ನೀನು ಕುದುರೆ ಥರ ಓಡಿಸ್ತೀಯ’ ಅಂದ್ರು ಅಪ್ಪ. ಭಾವ ‘ಬೇಡ ಮಾವ, ಅವನ ಗಾಡಿ ಅದು’ ಅನ್ನಬಹುದಿತ್ತು. ಅನ್ನಲಿಲ್ಲ. ನಕ್ಕು ಜೇಬಿಗೆ ಹಾಕ್ಕೊಂಡ್ರು. ನಾನು ಮಾರನೇ ದಿನ ಊರು ಬಿಟ್ಟೆ, ಇವತ್ತಿಗೂ ಆ ನಗು ಮರೆತಿಲ್ಲ. ಈಗ ಗಾಡಿ ಕುಣಿಯೋಕೆ ಶುರುಮಾಡಿದ ಮೇಲೆ ಹೆಂಡತಿ ಕೈಲಿ ಕಾಗದ ಬರೆಸ್ತಾರೆ. ಬಾಯಿಲ್ಲವಾ ಅವರಿಗೆ?

ಹೋಗಲಿ. ಗಾಡಿ ಏನು ಪಾಪ ಮಾಡಿದೆ.

ನೀನು ಹೇಳಿದ್ದೆಲ್ಲ ಸತ್ತ ಷಾಕ್‌ನ ಲಕ್ಷಣ. ನಾಲ್ಕೂ ಹೋಗಿವೆ, ಒಂದರಲ್ಲಿ ಮಾತ್ರ ಎಣ್ಣೆ ಕಾಣ್ತಿದೆ ಅಷ್ಟೇ. ಷಾಕ್ ಭಾರ ಹೊರಲ್ಲ, ಅದನ್ನ ತಲೆಯಲ್ಲಿ ಇಟ್ಕೊ. ಭಾರ ಹೊರೋದು ಸ್ಪ್ರಿಂಗ್ ಪಟ್ಟಿ. ಷಾಕ್ ಕುಣಿತ ನಿಲ್ಲಿಸುತ್ತೆ. ನಿಮ್ಮಲ್ಲಿ ಪಟ್ಟಿಗಳೂ ಬೆನ್ನು ಬಗ್ಗಿಸಿರುತ್ತವೆ, ಅಷ್ಟು ವರ್ಷ ಗಾಜು ಹೊತ್ತು. ಎರಡನ್ನೂ ಬದಲಾಯಿಸಬೇಕು.

ಮೆತ್ತಗೆ ಬೇಕಂತೆ! ಅದೇನು ತೊಟ್ಟಿಲಾ? ಪಿಕಪ್ ಅಂದ್ರೆ ಗಟ್ಟಿಯಾಗೇ ಇರಬೇಕು. ಖಾಲಿ ಗಾಡೀಲಿ ಒಂದಿಷ್ಟು ಎತ್ತಿಹಾಕಿದ್ರೆ ನಿನ್ನ ಗಂಡನ ಸೊಂಟ ಉಳುಕಲ್ಲ. ಉಳುಕಿದ್ರೂ ನನಗೆ ದುಃಖವಿಲ್ಲ.

ಇಲ್ಲಿ ನಮ್ಮ ಉಗ್ರಾಣದಲ್ಲಿ ಒಳ್ಳೇ ಮಾಲು ಬರುತ್ತೆ. ನಾನೇ ಆರಿಸಿ ಕಳಿಸ್ತೀನಿ.

ತಮ್ಮ


೮ ಫೆಬ್ರವರಿ

ತಮ್ಮಾ,

ಕಳಿಸ್ತೀನಿ ಅಂದದ್ದಕ್ಕೆ ಸಂತೋಷ. ಸೊಂಟದ ಮಾತು ಬರೆಯೋ ಮುಂಚೆ ನಾಲಿಗೆ ಕಚ್ಚಿಕೊಳ್ಳಬೇಕಿತ್ತು.

ಇನ್ನೊಂದು ಸಲ ಹೇಳ್ತೀನಿ, ದೊಡ್ಡ ಅಕ್ಷರದಲ್ಲಿ ಓದ್ಕೊ. ಖಾಲಿ ಇದ್ದಾಗ ಮೆತ್ತಗಿರಬೇಕು. ನಮ್ಮ ಬೀದಿಯಿಂದ ಹೆದ್ದಾರಿ ಸೇರೋವರೆಗೆ ರಸ್ತೆ ಅಗೆದು ಬಿಟ್ಟಿದ್ದಾರೆ, ಪೈಪ್ ಹಾಕೋರು ಒಬ್ಬರು, ಮುಚ್ಚೋರು ಇನ್ನೊಬ್ಬರು, ಮುಚ್ಚೋರು ಇನ್ನೂ ಹುಟ್ಟಿಲ್ಲ. ಆಮೇಲೆ ಸೇತುವೆಯ ಕೀಲುಗಳು, ಒಂದೊಂದೂ ಮೆಟ್ಟಿಲಷ್ಟು. ಅಲ್ಲಿ ನಾನು ಹೆಚ್ಚೂಕಮ್ಮಿ ನಡಿಗೆಯ ವೇಗದಲ್ಲಿ ಹೋಗ್ತೀನಿ, ಹಿಂದಿನವರೆಲ್ಲ ಹಾರ್ನ್ ಹೊಡೀತಾರೆ, ಬೈತಾರೆ. ಬೈಯಲಿ.

ಯಾಕೆ ಅಂತ ಕೇಳಬೇಡ. ಬೇಕು ಅಂದ್ರೆ ಬೇಕು.

ಅಕ್ಕ


೨೦ ಫೆಬ್ರವರಿ

ಅಕ್ಕಾ,

ನೀನು ಗಾಡಿ ಓಡಿಸ್ತೀಯಾ? ಯಾವಾಗಿಂದ? ಗಂಡ ಮೆತ್ತೆಯ ಮೇಲೆ ಕೂತು ಹೆಂಡತಿ ಕೈಲಿ ಗಾಜು ಹೇರಿಸೋ ಮಟ್ಟಕ್ಕೆ ಬಂದ್ರಾ? ಚೆನ್ನಾಗಿದೆ ಸಂಸಾರ.

ಪೆಟ್ಟಿಗೆ ಲಾರಿಯಲ್ಲಿ ಹೊರಟಿದೆ. ನಾಲ್ಕೂ ಗ್ಯಾಸ್ ಷಾಕ್, ಒಂದೇ ಕೊಳವೆಯವು, ದಪ್ಪ ದಂಡದವು. ದಿನವಿಡೀ ಕಲ್ಲುದಾರಿಯಲ್ಲಿ ಓಡಿಸಿದ್ರೂ ಬಿಸಿಯಾಗಿ ಸೋಲಲ್ಲ. ಹಿಂದಕ್ಕೆ ಭಾರಿ ಹೊರೆಯ ಪಟ್ಟಿ ಜೋಡಿ, ಮುಂದಕ್ಕೆ ಎತ್ತರದ ಸ್ಪ್ರಿಂಗ್. ಗಾಡಿ ಒಂದು ಗೇಣು ಮೇಲೇಳುತ್ತೆ, ನೋಡೋಕೆ ಹುಲಿ. ಸಂದಿನ ಬುಷ್‌ಗಳ ಹಳೇ ರಬ್ಬರ್ ಬಿಸಾಕಿ, ನಾನು ಕಳಿಸಿದ ಗಟ್ಟಿ ಪ್ಲಾಸ್ಟಿಕ್ಕಿನವು ಹಾಕಿಸು. ಒಂದು ಚೂರೂ ಅಲ್ಲಾಡಲ್ಲ. ಬೆಟ್ಟದ ದಾರಿಗೂ ಆಗುತ್ತೆ.

ಗಾಜಿಗೆ ಹೆದರಬೇಡ. ಗಾಜು ಕಾಪಾಡೋದು ಕಟ್ಟಿರೋ ಚೌಕಟ್ಟು, ಸ್ಪ್ರಿಂಗ್ ಅಲ್ಲ. ಗಟ್ಟಿಯಾಗಿ ಕಟ್ಟಿದ್ರೆ ಒಂದು ಗೀರೂ ಬೀಳಲ್ಲ.

ನಿನ್ನ ಗಂಡನ ಕೈಲಿ ಮಾತ್ರ ಬಿಚ್ಚಿಸಬೇಡ. ಕೆಲಸ ಗೊತ್ತಿರೋರ ಹತ್ತಿರ ಹೋಗು.

ತಮ್ಮ


೩೦ ಮಾರ್ಚ್

ಅಕ್ಕಾ,

ಪೆಟ್ಟಿಗೆ ತಲುಪಿದೆ ಅಂತ ಲಾರಿಯವನು ಹೇಳಿ ತಿಂಗಳಾಯ್ತು. ಒಂದು ಸಾಲು ಬರೆಯೋಕೆ ಕೈ ನೋವಾ? ಉಗ್ರಾಣದವನ ಜೊತೆ ಜಗಳ ಆಡಿ, ರಾಶಿಯಲ್ಲಿ ಒಂದೊಂದೇ ಷಾಕ್ ಒತ್ತಿ ನೋಡಿ, ಜೋಡಿ ಹೊಂದಿಸಿ ಕಳಿಸಿದ್ದೀನಿ. ಮುಂದಿನದನ್ನ ಹಿಂದಕ್ಕೆ ಹಾಕಬಾರದು ಅಂತ ಬಣ್ಣ ಬಳಿದು ಕಳಿಸಿದ್ದೀನಿ. ‘ಬಂತು’ ಅನ್ನೋ ಎರಡಕ್ಷರಕ್ಕೂ ನಿನ್ನ ಗಂಡನ ಅಪ್ಪಣೆ ಬೇಕಾ?

ಸರಿ, ನಾನೇ ನೇರವಾಗಿ ಹೇಳಿಬಿಡ್ತೀನಿ. ಬೇಸಿಗೆ ಮುಗಿಯೋದರೊಳಗೆ ಇಲ್ಲಿನ ಕೆಲಸ ಮುಗಿಯುತ್ತೆ. ಬೆಟ್ಟದ ಮೇಲೆ ಹೊಸ ಮೊಬೈಲ್ ಗೋಪುರಗಳು ಏಳ್ತಿವೆ, ಸಾಮಾನು ಹೊತ್ತು ಹತ್ತೋಕೆ ಎತ್ತರದ ಪಿಕಪ್ ಇರೋರು ಬೇಕಂತೆ. ಗಾಡಿ ತಯಾರಾಗಿದೆ, ನಾನೂ ತಯಾರು. ಭಾವ ಗಾಜಿಗೆ ಬೇರೆ ಏನಾದ್ರೂ ನೋಡಿಕೊಳ್ಳಲಿ. ಅವರಿಗೆ ಈಗಲೇ ಹೇಳಿಡು. ಆಮೇಲೆ ಮುಖ ಊದಿಸಿಕೊಂಡ್ರೆ ನಾನು ಜವಾಬ್ದಾರನಲ್ಲ.

ತಮ್ಮ


೯ ಏಪ್ರಿಲ್

ತಮ್ಮ ಅಂತ ಕರೆಯೋಕೂ ಮನಸ್ಸಿಲ್ಲ ಇವತ್ತು.

ಗಾಡಿ ತಯಾರಾಗಿದೆಯಾ? ಯಾರ ಗಾಡಿ? ಹಾಗಾದ್ರೆ ನಾನು ಮೆತ್ತಗೆ ಅಂತ ಬಡ್ಕೊಂಡಿದ್ದು ನಿನ್ನ ಕಿವಿಗೆ ಬೀಳಲಿಲ್ಲ ಅಂತಲ್ಲ. ನೀನು ನನ್ನ ಗಾಡಿಗೆ ಆರಿಸಲೇ ಇಲ್ಲ. ನಿನ್ನ ಗಾಡಿಗೆ ಆರಿಸಿದೆ, ನನ್ನ ಮನೆ ಮುಂದೆ ಕೂರಿಸಿದೆ.

ಈಗ ಕೇಳು. ನಿನ್ನ ಭಾವ ಹೇಳಬೇಡ ಅಂದಿದ್ರು, ಮಾತು ಕೊಟ್ಟಿದ್ದೆ. ಆ ಮಾತು ಇವತ್ತು ಮುರೀತಿದ್ದೀನಿ.

ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ಅವರು ಬಿದ್ರು. ಶಾಲೆಯ ಮಹಡಿ ಕಿಟಕಿಗೆ ಗಾಜು ಕೂರಿಸ್ತಿದ್ರು. ಸಾರುವೆಯ ಹಲಗೆ ಜಾರಿತು. ಕೈಯಲ್ಲಿದ್ದ ಗಾಜು ಬಿಡಲಿಲ್ಲ, ಕೆಳಗೆ ಮಕ್ಕಳಿದ್ರು ಅಂತ. ಬೆನ್ನು ಕೆಳಗಾಗಿ ಬಿದ್ರು. ಸೊಂಟದಿಂದ ಕೆಳಗೆ ಈಗ ಏನೂ ಗೊತ್ತಾಗಲ್ಲ. ಮೇಲೆ ಮಾತ್ರ ಎಲ್ಲಾ ಗೊತ್ತಾಗುತ್ತೆ. ಕೂತ್ರೆ ಬೆನ್ನು ನಿಲ್ಲಲ್ಲ, ಕಾರಿನ ಸೀಟಿಗೆ ಆಗಲ್ಲ. ವಾರಕ್ಕೊಮ್ಮೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಆಸ್ಪತ್ರೆ ಗಾಡಿ ಪ್ರಾಣ ಹೋಗೋರಿಗಂತೆ, ಪ್ರಾಣ ಇಟ್ಕೊಂಡು ನರಳೋರಿಗಲ್ಲವಂತೆ. ಅದಕ್ಕೇ ಪಿಕಪ್‌ನ ಹಿಂದೆ ಹಾಸಿಗೆ ಹಾಸಿ, ಮೇಲೆ ಟಾರ್ಪಾಲ್ ಕಟ್ಟಿ, ನಾನು ಕರ್ಕೊಂಡು ಹೋಗ್ತೀನಿ. ಅದೇ ನನ್ನ ‘ಖಾಲಿ ಗಾಡಿ’. ಗೊತ್ತಾಯ್ತಾ? ನಾನು ಖಾಲಿ ಅಂದದ್ದು ನನ್ನ ಗಂಡನ್ನ.

ನಿನ್ನ ಹುಲಿ ಸ್ಪ್ರಿಂಗ್ ಹಾಕಿಸಿದ ವಾರ ಹೊರಟ್ವಿ. ಅಗೆದ ರಸ್ತೆಯಲ್ಲೇ ಹಿಂದಿನಿಂದ ತಗಡು ಬಡಿದ ಹಾಗೆ ಸದ್ದು. ನಿಲ್ಲಿಸಿ ಹೋಗಿ ನೋಡಿದ್ರೆ ಬಾಯಲ್ಲಿ ಟವೆಲ್ ಕಚ್ಚಿಕೊಂಡಿದ್ದಾರೆ. ‘ಏನಿಲ್ಲ, ಹೋಗು’ ಅಂದ್ರು. ಸೇತುವೆಯ ಮೇಲೆ ಪ್ರತಿ ಕೀಲಿಗೂ ಅವರ ಮೈ ಹಾಸಿಗೆ ಬಿಟ್ಟು ಮೇಲೇಳ್ತಿತ್ತು. ಕನ್ನಡಿಯಲ್ಲಿ ನೋಡ್ತಿದ್ದೆ. ನಿಧಾನ ಮಾಡಿದ್ರೂ ಅಷ್ಟೇ, ಜೋರು ಮಾಡಿದ್ರೂ ಅಷ್ಟೇ. ಆಸ್ಪತ್ರೆಯಲ್ಲಿ ಮಗ್ಗುಲು ಹೊರಳಿಸಿದ ನರ್ಸಮ್ಮ ‘ಇವರನ್ನ ಏನು ಮೂಟೆ ಎಸೆದ ಹಾಗೆ ತಂದಿದ್ದೀರಾ?’ ಅಂತ ಎಲ್ಲರ ಮುಂದೆ ಕೇಳಿದ್ರು. ಮಲಗಿ ಮಲಗಿ ಬೆನ್ನ ಕೆಳಗೆ ಆಗಿದ್ದ ಹುಣ್ಣು ಮಾಗಿತ್ತು, ಮತ್ತೆ ಬಾಯಿ ಬಿಟ್ಟಿತ್ತು. ಅಲ್ಲೇ ಉಳಿಸಿಕೊಂಡ್ರು. ಮಾರ್ಚ್ ಪೂರ್ತಿ ನಾನು ಎಲ್ಲಿದ್ದೆ ಅಂತ ಕೇಳ್ತಿದ್ದೆಯಲ್ಲ, ಆ ವಾರ್ಡಿನ ಸ್ಟೂಲಿನ ಮೇಲಿದ್ದೆ. ಬರೆಯೋಕೆ ಕೈ ನೋವಾ ಅಂತ ಬೇರೆ ಕೇಳ್ತೀಯ.

‘ಇದು ಅವನು ಬೇಕಂತ ಮಾಡಿದ್ದು’ ಅಂದ್ರು ನಿನ್ನ ಭಾವ. ಅಲ್ಲ ಅಂತ ವಾದ ಮಾಡಿದೆ. ಆಮೇಲೆ ಬಂತು ನಿನ್ನ ಕಾಗದ, ಗಾಡಿ ತಯಾರು, ನಾನೂ ತಯಾರು.

ಗಾಡಿ ಅವರದ್ದೋ ನಿನ್ನದೋ ಅಂತ ಇಷ್ಟು ವರ್ಷ ಹಲ್ಲು ಕಡೀತಾ ಕೂತಿದ್ದೀರಿ ಇಬ್ಬರೂ. ಅಪ್ಪ ಅವತ್ತು ಅಂಗಳದಲ್ಲಿ ಮಗನ್ನ ನೋಡಿದ್ರು, ಅಳಿಯನ್ನ ನೋಡಿದ್ರು. ಮಗಳು ಬಾಗಿಲಲ್ಲೇ ನಿಂತಿದ್ದಳು. ನೀವು ಗಾಡಿ ಕೆಳಗೆ ಮಲಗಿದ್ದಾಗ ದೀಪ ಹಿಡಿದು ನಿಂತವಳು ಯಾರು? ಸ್ಪಾನರ್ ಕೊಟ್ಟವಳು? ನಿಮ್ಮಿಬ್ಬರ ಎಣ್ಣೆ ಬಟ್ಟೆ ಒಗೆದವಳು? ಒಬ್ಬರಿಗಾದ್ರೂ ನನ್ನ ನೆನಪಾಯ್ತಾ? ಇವತ್ತು ಅದನ್ನ ಓಡಿಸೋಳು ನಾನು. ಗಾಜು ಹೇರೋಳು ನಾನು, ಇಳಿಸೋಳು ನಾನು, ಗಂಡನ್ನ ಮಲಗಿಸಿ ಕರ್ಕೊಂಡು ಹೋಗೋಳು ನಾನು. ಗಾಡಿ ನಂದು. ಯಾರಾದ್ರೂ ಕೀಲಿ ಮುಟ್ಟಿ ನೋಡಿ.

ನಿನಗೆ ಒಂದೇ ಕೆಲಸ ಹೇಳ್ತೀನಿ. ನಿಮ್ಮ ಗಣಿಯಲ್ಲಿ ಇಂಥದ್ದೇ ಸ್ಪ್ರಿಂಗ್ ಹಾಕಿದ ಪಿಕಪ್ ಇದ್ದೇ ಇರುತ್ತೆ. ಅದರ ಹಿಂದೆ ಅಂಗಾತ ಮಲಕ್ಕೊ. ಕೈಯಲ್ಲಿ ಏನೂ ಹಿಡ್ಕೋಬೇಡ, ಕಾಲು ಊರಬೇಡ. ಯಾರಿಗಾದ್ರೂ ಓಡಿಸೋಕೆ ಹೇಳು. ಆಮೇಲೆ ಬರಿ. ಮಲಗದೆ ಬರೆದ್ರೆ ಓದಲ್ಲ.

ಅಕ್ಕ


೨೨ ಏಪ್ರಿಲ್

ಅಕ್ಕಾ,

ಮಲಗಿದ್ದೆ. ಅದನ್ನ ಆಮೇಲೆ ಬರೀತೀನಿ. ಮೊದಲು ನನ್ನ ಸಿಟ್ಟು ಕೇಳು.

ಏನು ಮಾಡಿಬಿಟ್ಟೆ ನೀನು? ಮಳೆಗಾಲದಲ್ಲಿ ಬಿದ್ದ ಮನುಷ್ಯ, ನನಗೆ ಗೊತ್ತಾಗೋದು ಏಪ್ರಿಲ್‌ನಲ್ಲಿ! ಅವರ ಸೊಂಟದ ಮೇಲೆ ನಾನು ತಮಾಷೆ ಬರೆದೆ, ನೀನು ಓದಿ ಮಡಿಚಿಟ್ಟೆ. ನಾಲಿಗೆ ಕಚ್ಚಿಕೊ ಅಂದೆ, ಯಾಕೆ ಅಂತ ಹೇಳಲಿಲ್ಲ. ನನ್ನ ಕೈಯಾರೆ ಆರಿಸಿದ ಕಬ್ಬಿಣ ಒಬ್ಬರ ಹುಣ್ಣು ಕಿತ್ತಿತು. ‘ಮಲಗಿರೋರನ್ನ ಕರ್ಕೊಂಡು ಹೋಗಬೇಕು’ ಅಂತ ಒಂದೇ ಸಾಲು ಬರೆದಿದ್ರೆ ಸಾಕಿತ್ತು, ಹೆಸರು ಹೇಳೋದೂ ಬೇಡವಿತ್ತು. ಮಾತು ಕೊಟ್ಟಿದ್ದಳಂತೆ! ಮಾತು ದೊಡ್ಡದಾ, ಬೆನ್ನು ದೊಡ್ಡದಾ?

ಕಾಗದ ಸಿಕ್ಕಿದ ದಿನ ಸಿಟ್ಟಿಗೆ ಉಗ್ರಾಣದ ಬಾಗಿಲು ಒದ್ದೆ. ಮಾರನೇ ದಿನ ನೀರಿನ ಪಿಕಪ್ ಖಾಲಿ ಮಾಡಿಸಿ ಹಿಂದೆ ಮಲಗಿದೆ. ಓಡಿಸಿದ್ದು ನಮ್ಮ ಅಡುಗೆಯವನು, ನಗ್ತಾ ಹತ್ತಿದ. ಮೊದಲನೇ ಗುಂಡಿಗೇ ತಲೆ ಹಿಂದೆ ಬಡೀತು, ಕಾಲು ತಾನಾಗೇ ಊರಿತು. ಆಗಲೇ ಹೊಳೆದದ್ದು, ಭಾವನಿಗೆ ಊರೋಕೆ ಕಾಲಿಲ್ಲ ಅಂತ. ಹಗ್ಗದಲ್ಲಿ ಕಾಲು ಕಟ್ಟಿಕೊಂಡು ಮತ್ತೆ ಹೋಗು ಅಂದೆ. ಕಲ್ಲುದಾರಿಯ ಕೊನೆಗೆ ಅವನು ನಗೋದು ನಿಲ್ಲಿಸಿದ್ದ, ನಾನು ಆಕಾಶ ನೋಡ್ತಾ ಅಪ್ಪನ್ನೂ ರಸ್ತೆಯನ್ನೂ ನನ್ನನ್ನೂ ಸೇರಿಸಿ ಬೈತಿದ್ದೆ. ಹೊಡೆತಕ್ಕಿಂತ ಕೆಟ್ಟದ್ದು ಕಾಯೋದು. ಮಲಗಿದೋನಿಗೆ ರಸ್ತೆ ಕಾಣಲ್ಲ, ಅಕ್ಕಾ. ಮುಂದಿನದು ಯಾವಾಗ ಬರುತ್ತೋ ಅಂತ ಮೈಯೆಲ್ಲ ಬಿಗಿ ಹಿಡಿದು ಕಾಯಬೇಕು.

ಈಗ ಹೇಳೋದು ಕೇಳು. ನಾನು ಕಳಿಸಿದ್ದೆಲ್ಲ ಬಿಚ್ಚಿಸಿಬಿಡು. ಹಿಂದಕ್ಕೆ ಉದ್ದನೆಯ, ತೆಳು ಪಟ್ಟಿಗಳು ಬೇಕು, ನಡುವೆ ಜಾರುವ ತುಂಡುಗಳನ್ನ ಇಟ್ಟು. ಗಾಜು ಹೇರಿದಾಗ ಕುಸಿಯದ ಹಾಗೆ ಪಟ್ಟಿ ಮೇಲೆ ರಬ್ಬರಿನ ಗಾಳಿ ಚೀಲ ಕೂರಿಸಬಹುದು. ಹೊರೆ ಇದ್ದಾಗ ಗಾಳಿ ತುಂಬು, ಭಾವ ಮಲಗಿದಾಗ ಬಿಡು. ಒಂದೇ ಗಾಡಿ, ಎರಡು ಬೆನ್ನು. ಷಾಕ್ ಎರಡು ಕೊಳವೆಯದು, ಗ್ಯಾಸ್ ಕಮ್ಮಿ ಇರೋದು. ಬುಷ್ ಮತ್ತೆ ರಬ್ಬರ್‌ದೇ. ಎಲ್ಲಾ ನಾನು ಕಳಿಸ್ತೀನಿ.

ಗಾಡಿ ಯಾರದ್ದು ಅನ್ನೋದು ಇನ್ನೂ ಮುಗಿದಿಲ್ಲ. ಅದು ಬೇರೆ ಜಗಳ.

ತಮ್ಮ


೧೧ ಮೇ

ತಮ್ಮಾ,

ಕಳಿಸಬೇಡ. ನಿನ್ನ ಕಾಗದ ಓದಿ ಹೇಳಿದೆ, ಬೈಗುಳ ಸಮೇತ. ನಿನ್ನ ಭಾವ ಗೋಡೆ ಕಡೆ ತಿರುಗಿ ‘ಅವನ ಕೈಯಿಂದ ಬಂದದ್ದು ಇನ್ನು ನನ್ನ ಬೆನ್ನ ಕೆಳಗೆ ಬೇಡ’ ಅಂದ್ರು. ‘ಹಾಗಾದ್ರೆ ನಡ್ಕೊಂಡು ಹೋಗಿ ಆಸ್ಪತ್ರೆಗೆ’ ಅಂದುಬಿಟ್ಟೆ. ಹೌದು, ಅಂದೆ. ಅಂದ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ, ಅವರಿಗೆ ಅಳು ಕೇಳಿಸಬಾರದು ಅಂತ. ಆದ್ರೆ ವಾಪಸ್ ತೊಗೊಳ್ಳಲಿಲ್ಲ. ಅವರ ಅಭಿಮಾನ, ನಿನ್ನ ಅಭಿಮಾನ, ಎರಡನ್ನೂ ಹೊತ್ತು ಓಡಿಸೋಕೆ ಆ ಗಾಡಿಗೆ ಯಾವ ಸ್ಪ್ರಿಂಗೂ ಸಾಲಲ್ಲ.

ನಾನೇ ಆರಿಸಿದೆ. ರೈಲ್ವೆ ಗೋಡೆ ಪಕ್ಕದ ಪಟ್ಟಿ ಕಮ್ಮಾರನ ಹತ್ತಿರ ಹೋದೆ. ನಿನ್ನ ಹುಲಿ ಪಟ್ಟಿ ಅವನೇ ತೊಗೊಂಡು, ಬದಲಿಗೆ ತೆಳುವಾದದ್ದು ಜೋಡಿಸಿಕೊಟ್ಟ. ಗಾಳಿ ಚೀಲದ ಮಾತು ನೀನು ಹೇಳಿದ್ದೇ ಸರಿ, ಒಪ್ಪಿಕೊಂಡೆ. ಷಾಕ್ ವಿಷಯದಲ್ಲಿ ಮಾತ್ರ ನಿನ್ನ ಮಾತು ಕೇಳಲಿಲ್ಲ. ತಿರುಪಿದ್ರೆ ಗಟ್ಟಿ ಮೆತ್ತಗೆ ಆಗುವಂಥದ್ದು ತೊಗೊಂಡೆ. ‘ಅದು ಶೋಕಿಯವರಿಗೆ’ ಅಂದ ಅಂಗಡಿಯವನು. ‘ಶೋಕಿಗೇ ಅಂದ್ಕೊಳ್ರಿ, ಡಬ್ಬ ಕೊಡಿ’ ಅಂದೆ.

ಕಮ್ಮಾರ ಎಲ್ಲಾ ಬಿಗಿದ ಮೇಲೆ ‘ಓಡಿಸಿ ನೋಡಮ್ಮಾ’ ಅಂದ. ‘ನೀವು ಓಡಿಸಿ’ ಅಂತ ನಾನು ಹಿಂದೆ ಹತ್ತಿ ಹಾಸಿಗೆ ಮೇಲೆ ಮಲಗಿದೆ. ಅವನ ಮುಖ ನೋಡಬೇಕಿತ್ತು. ‘ಜನ ಏನಂದ್ಕೊಂಡಾರು?’ ಅಂದ. ‘ಹೆಣ ಅಂದ್ಕೋತಾರೆ, ದಾರಿ ಬಿಡ್ತಾರೆ, ಹೋಗಿ’ ಅಂದೆ. ಸೇತುವೆ ದಾಟಿ ಬಂದ್ವಿ. ಷಾಕ್ ತುಂಬಾ ಸಡಿಲ ಮಾಡಿದ್ರೆ ದೋಣಿ ಥರ ತೂಗಿ ಹೊಟ್ಟೆ ತೊಳೆಸುತ್ತೆ. ಒಂದಿಷ್ಟು ಬಿಗಿ ಮಾಡಿಸಿದೆ, ಮತ್ತೆ ಮಲಗಿದೆ, ಮತ್ತೆ ಇಳಿದೆ. ಸಂಜೆ ಹೊತ್ತಿಗೆ ಬೀದಿಯವರೆಲ್ಲ ನನಗೆ ಹುಚ್ಚು ಹಿಡೀತು ಅಂತ ತೀರ್ಮಾನ ಮಾಡಿದ್ರು.

ನೀನು ಹೇಳಿದ್ದು ನಿಜ. ಕಾಯೋದೇ ಕೆಟ್ಟದ್ದು. ಅದಕ್ಕೆ ಚಾಲಕನ ಹಿಂದಿನ ಗಾಜು ತೆಗೆಸಿ ಸರಿಯೋ ಗಾಜು ನಾನೇ ಕೂರಿಸಿದೆ. ಇನ್ನು ಗುಂಡಿ ಬರೋ ಮುಂಚೆ ಕೂಗಿ ಹೇಳಬಹುದು.

ಅಕ್ಕ


೨೩ ಮೇ

ಅಕ್ಕಾ,

ನಾನು ಹೊಸ ಪಟ್ಟಿ ಕೊಟ್ಟು ಕಳಿಸಿದ್ರೆ ಕಮ್ಮಾರನ ಹಳೇ ಪಟ್ಟಿಗೆ ಬದಲಾಯಿಸಿಕೊಂಡೆಯಾ! ಅವನು ನಿನಗೆ ಟೋಪಿ ಹಾಕಿದ್ದಾನೆ. ತಿರುಪೋ ಷಾಕ್ ಧೂಳು ಹಿಡಿದ್ರೆ ತಿರುಪೋಕೇ ಬರಲ್ಲ, ವಾರಕ್ಕೊಮ್ಮೆ ಒರೆಸು.

ಗಾಡಿಯ ವಿಷಯ. ನೀನು ಬರೆದದ್ದು ಮತ್ತೆ ಮತ್ತೆ ಓದಿದೆ. ಸಿಟ್ಟು ಬರುತ್ತೆ. ಆದ್ರೂ ದೀಪ ಹಿಡಿದವಳು ನೀನೇ. ಬೆಟ್ಟದ ಕೆಲಸಕ್ಕೆ ನಾನು ಬೇರೆ ಯಾರದ್ದೋ ಗಾಡಿ ಓಡಿಸ್ತೀನಿ. ಅದಕ್ಕೆ ಒಳ್ಳೇ ತಮ್ಮ ಅಂತ ಬರೀಬೇಡ, ನನಗೆ ಇನ್ನೂ ಹೊಟ್ಟೆ ಉರೀತಿದೆ.

ಭಾವ ಹೇಗಿದ್ದಾರೆ? ‘ಚೆನ್ನಾಗಿದ್ದಾರೆ’ ಅಂತ ಬರೆದ್ರೆ ಕಾಗದ ಹರಿದು ಹಾಕ್ತೀನಿ.

ತಮ್ಮ


೬ ಜೂನ್

ತಮ್ಮಾ,

ಚೆನ್ನಾಗಿಲ್ಲ. ಕಾಲು ಬರಲ್ಲ ಅಂತ ಡಾಕ್ಟರು ಈ ಸಲ ಅವರ ಮುಖಕ್ಕೇ ಹೇಳಿದ್ರು. ವಾಪಸ್ ಬರುವಾಗ ನಾನು ‘ಎಡಕ್ಕೆ ಗುಂಡಿ’, ‘ಸೇತುವೆ ಬಂತು’ ಅಂತ ಕೂಗ್ತಿದ್ದೆ. ಹಿಂದಿನಿಂದ ಸದ್ದೇ ಇಲ್ಲ. ಗಾಡಿ ನಿಲ್ಲಿಸಿ ಓಡಿ ಹೋಗಿ ಟಾರ್ಪಾಲ್ ಎತ್ತಿದ್ರೆ, ಬಾಯಿ ತೆರೆದು ಗೊರಕೆ ಹೊಡೀತಿದ್ರು. ಅಂಥಾ ಸುದ್ದಿ ಕೇಳಿದ ದಿನ, ಅಂಥಾ ರಸ್ತೆಯಲ್ಲಿ ನಿದ್ದೆ. ರಸ್ತೆ ಬದಿ ನಿಂತು ನಕ್ಕೆ, ಆಮೇಲೆ ಅತ್ತೆ, ಆಮೇಲೆ ಹಿಂದೆ ಹಾರ್ನ್ ಹೊಡೆದ ಲಾರಿಯವನಿಗೆ ಹೊಟ್ಟೆ ತುಂಬಾ ಬೈದೆ.

ಮನೆಗೆ ಬಂದು ಎಚ್ಚರವಾದ ಮೇಲೆ ಅವರಿಗೆ ನಿನಗೇನೋ ಹೇಳಬೇಕಿತ್ತು. ‘ಅವನಿಗೆ ಬರಿ’ ಅಂದ್ರು. ‘ನಿಮ್ಮ ಕೈಗೇನಾಗಿದೆ? ನಾನೇನು ನಿಮ್ಮಿಬ್ಬರ ಅಂಚೆಯವಳಾ?’ ಅಂತ ಕೇಳಿದೆ. ಮುಖ ಊದಿಸಿಕೊಂಡ್ರು. ಊಟ ಬಿಟ್ರು. ಬಿಡಲಿ ಅಂತ ನಾನು ಉಂಡೆ. ಇವತ್ತು ಬೆಳಿಗ್ಗೆ ಪೆನ್ನು ಕೇಳಿದ್ದಾರೆ. ಕೆಳಗೆ ಜಾಗ ಬಿಟ್ಟಿದ್ದೀನಿ.

ಬರೋದಾದ್ರೆ ಬಸ್ಸಲ್ಲಿ ಬಾ. ಗಾಡಿ ಬೇಕಿದ್ರೆ ನನ್ನನ್ನ ಕೇಳು.

ಅಕ್ಕ

ಹಿಂದೆ ಎಡಗಡೆ ಇನ್ನೂ ಕುಟ್ಟುತ್ತೆ. ನಿನ್ನ ಅಕ್ಕ ಇಲ್ಲ ಅಂತಾಳೆ, ಮಲಗೋನು ನಾನು. ಮಾರ್ಚ್ ತಿಂಗಳ ಆ ಸ್ಪ್ರಿಂಗ್ ಯಾವ ಕತ್ತೆ ಆರಿಸಿದ್ದು ಅಂತ ನಿನ್ನ ಮುಖ ನೋಡಿ ಕೇಳಬೇಕು. ಸ್ಪಾನರ್ ತೊಗೊಂಡು ಬಾ.

ಭಾವ